ಪಡಸಾಲೆಯಲ್ಲೊಂದು ಪ್ರತಿಮೆ

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹೊಸ ಮನೆಯ ಪ್ರವೇಶಕ್ಕೆ ಕರೆ ಬಂದಿತ್ತು. ಮದ್ರಸದ ಬೆಂಚಿನಲ್ಲಿ ಕಾಲು ನೆಲಕ್ಕೆ ತಾಗದ ವಯಸ್ಸಿನಲ್ಲಿ ನನ್ನೆದುರು ಕುಳಿತು ಅಲಿಫ್, ಬಾ ಕಲಿತ ಹುಡುಗ. ಈಗ ಇಂಜಿನಿಯರ್, ಹೊರದೇಶದಲ್ಲಿ ಉದ್ಯೋಗ. ಮನೆ ಕಟ್ಟಿಸಿದ್ದು ತಂದೆ, ಒಳಗಿನ ಅಲಂಕಾರವೆಲ್ಲ ಮಗನದು. ಕುರ್‌ಆನ್ ಪಾರಾಯಣ, ದುಆ ಎಲ್ಲ ಮುಗಿದ ಮೇಲೆ ಆತ ನನ್ನನ್ನು ಕೈಹಿಡಿದು ಮನೆ ತೋರಿಸಲು ಕರೆದೊಯ್ದ. ಹಾಲ್‌ನ ಮೂಲೆಯಲ್ಲಿ, ಎತ್ತರದ ಸ್ಟ್ಯಾಂಡಿನ ಮೇಲೆ, ಮೊಣಕಾಲೆತ್ತರದ ಬಿಳಿಯ ಪ್ರತಿಮೆಯೊಂದು ನಿಂತಿತ್ತು. ಮೈಮೇಲೆ ನೂಲೆಳೆಯೂ ಇಲ್ಲದ ಒಬ್ಬ ಯುವಕ.

“ಇದು ಇಟಲಿಯ ಡೇವಿಡ್, ಉಸ್ತಾದ್. ನಕಲೇ, ಆದರೆ ಒಳ್ಳೆಯ ನಕಲು” ಎಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಮೆಲ್ಲಗೆ ಹೇಳಿದರು: “ನಾನು ನಮಾಝಿಗೆ ನಿಲ್ಲುವಾಗ ಅದರ ಮೇಲೊಂದು ಟವೆಲ್ ಹೊದಿಸುತ್ತೇನೆ, ಉಸ್ತಾದ್. ಮುಗಿದ ಮೇಲೆ ತೆಗೆದಿಡುತ್ತೇನೆ. ಆಸೆಪಟ್ಟು ಅಷ್ಟು ದೂರದಿಂದ ಹೊತ್ತು ತಂದಿದ್ದಾನೆ, ಅವನಿಗೆ ಬೇಸರವಾಗಬಾರದಲ್ಲ.”

ಹುಡುಗ ಸ್ವಲ್ಪ ನಾಚಿದ. ಅನಂತರ ಕೇಳಿದ: “ನಾವೇನೂ ಇದನ್ನು ಪೂಜಿಸುವುದಿಲ್ಲವಲ್ಲ ಉಸ್ತಾದ್? ಚೆಂದಕ್ಕೆ ಇಟ್ಟದ್ದು. ಇದರಲ್ಲಿ ತಪ್ಪೇನು?”

ಅತಿಥಿಗಳ ಗದ್ದಲದಲ್ಲಿ ಅಂದು ಎರಡು ಮಾತು ಹೇಳಿ ಬಂದೆ. ಆದರೆ ಪ್ರಾಮಾಣಿಕವಾಗಿ ಕೇಳಿದ ಪ್ರಶ್ನೆಗೆ ಪೂರ್ಣ ಉತ್ತರ ಸಲ್ಲಬೇಕು. ಇದು ಆ ಒಬ್ಬ ಹುಡುಗನ ಪ್ರಶ್ನೆಯೂ ಅಲ್ಲ. ಒಂದು ಕಾಲದಲ್ಲಿ ಶ್ರೀಮಂತರ ಬಂಗಲೆಗಳಲ್ಲಿ ಮಾತ್ರ ಕಾಣುತ್ತಿದ್ದ ಪ್ರಸಿದ್ಧ ಶಿಲ್ಪಗಳ ಪ್ರತಿಕೃತಿಗಳು ಇಂದು ಫೋನಿನಲ್ಲಿ ಬೆರಳು ಒತ್ತಿದರೆ ಮನೆಬಾಗಿಲಿಗೆ ಬಂದು ಬೀಳುತ್ತವೆ. ನಮ್ಮ ಶೋಕೇಸುಗಳಲ್ಲಿ ಅವು ಸದ್ದಿಲ್ಲದೆ ಜಾಗ ಹಿಡಿಯುತ್ತಿವೆ.

ಸೌಂದರ್ಯ ನಿಷಿದ್ಧವಲ್ಲ

ಮೊದಲು ಒಂದು ತಪ್ಪು ಕಲ್ಪನೆ ದೂರವಾಗಲಿ. ಸತ್ಯವಿಶ್ವಾಸಿಯ ಮನೆ ಬೋಳಾಗಿರಬೇಕು, ಚೆಂದದ ವಸ್ತುವಿಗೆ ಅಲ್ಲಿ ಸ್ಥಾನವಿಲ್ಲ ಎಂದು ಇಸ್ಲಾಮ್ ಹೇಳಿಲ್ಲ. ಅಲ್ಲಾಹನು ತನ್ನ ದಾಸರಿಗಾಗಿ ಹೊರತಂದ ಅಲಂಕಾರವನ್ನು ನಿಷಿದ್ಧಗೊಳಿಸಿದವರು ಯಾರು ಎಂದು ಕುರ್‌ಆನ್ (7:32) ಪ್ರಶ್ನಿಸುತ್ತದೆ. ಅದರ ಹಿಂದಿನ ಸೂಕ್ತದಲ್ಲೇ ದುಂದುಗಾರಿಕೆ ಸಲ್ಲದೆಂಬ ಎಚ್ಚರಿಕೆಯೂ ಇದೆ. ತನ್ನ ಉಡುಪು, ಪಾದರಕ್ಷೆ ಚೆನ್ನಾಗಿರಬೇಕೆಂದು ಒಬ್ಬನು ಬಯಸುವುದು ಅಹಂಕಾರವೇ ಎಂಬ ಪ್ರಶ್ನೆ ಬಂದಾಗ, ಅಲ್ಲಾಹನು ಸುಂದರನು, ಅವನು ಸೌಂದರ್ಯವನ್ನು ಮೆಚ್ಚುತ್ತಾನೆ ಎಂದು ಪ್ರವಾದಿವರ್ಯರು(ಸ) ಉತ್ತರಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಶಿಲ್ಪಿಯ ಕೈಚಳಕಕ್ಕೆ ನಾವು ಕುರುಡರಾಗಬೇಕೆಂದೂ ಇಲ್ಲ. ನಾನು ಬಿ.ಎ. ಓದುವಾಗ ಕನ್ನಡ ಅಧ್ಯಾಪಕರು ನಮ್ಮನ್ನು ಬೇಲೂರಿಗೆ ಕರೆದೊಯ್ದಿದ್ದರು. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಗೊಂಡ ಗುಡಿ ಅದು. ಬಳಪದ ಕಲ್ಲು ಅಗೆದು ತೆಗೆದಾಗ ಮೃದುವಾಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ, ಆದ್ದರಿಂದಲೇ ಇಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು ಎಂದು ಅವರು ವಿವರಿಸುತ್ತಿದ್ದರೆ ನಾನೂ ಬೆರಗಿನಿಂದ ಕೇಳಿದ್ದೆ. ನಾಡಿನ ಇತಿಹಾಸವನ್ನು ಅರಿಯುವುದು ಬೇರೆ. ಜೀವಿಯ ಆಕೃತಿಯೊಂದನ್ನು ತಂದು ತಾನು ಸುಜೂದ್ ಮಾಡುವ ಮನೆಯೊಳಗೆ ಗೌರವದ ಸ್ಥಾನದಲ್ಲಿ ನಿಲ್ಲಿಸುವುದು ಬೇರೆ. ನಮ್ಮ ಚರ್ಚೆ ಈ ಎರಡನೆಯದರ ಬಗ್ಗೆ.

ಪ್ರವಾದಿವರ್ಯರ(ಸ) ಮನೆಬಾಗಿಲಲ್ಲಿ

ಈ ವಿಷಯದಲ್ಲಿ ನಮಗೆ ಆಧಾರ ಸಿಗುವುದು ಪ್ರವಾದಿವರ್ಯರ(ಸ) ಸ್ವಂತ ಮನೆಯಿಂದಲೇ. ಉಮ್ಮುಲ್ ಮೂಮಿನೀನ್ ಆಯಿಶಾ(ರ) ಒಮ್ಮೆ ಚಿತ್ರಗಳಿದ್ದ ಒಂದು ದಿಂಬನ್ನು ಖರೀದಿಸಿದರು. ಪ್ರವಾದಿವರ್ಯರು(ಸ) ಬಂದವರು ಅದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು, ಒಳಗೆ ಬರಲಿಲ್ಲ. ಅವರ ಮುಖದಲ್ಲಿ ಅಸಮಾಧಾನವನ್ನು ಗುರುತಿಸಿದ ಆಯಿಶಾ(ರ), ತಾನು ಅಲ್ಲಾಹನೆಡೆಗೂ ಅವನ ರಸೂಲರೆಡೆಗೂ(ಸ) ಪಶ್ಚಾತ್ತಾಪದಿಂದ ಮರಳುತ್ತೇನೆ, ತನ್ನಿಂದಾದ ತಪ್ಪೇನು ಎಂದು ಕೇಳಿದರು. ದಿಂಬಿನ ಬಗ್ಗೆ ವಿಚಾರಿಸಿದಾಗ, ತಾವು ಕುಳಿತುಕೊಳ್ಳಲು, ಒರಗಿಕೊಳ್ಳಲು ಆಗಲೆಂದು ತಮಗಾಗಿಯೇ ಕೊಂಡೆ ಎಂದರು. ಆಗ ಪ್ರವಾದಿವರ್ಯರು(ಸ), ಇಂತಹ ರೂಪಗಳನ್ನು ರಚಿಸಿದವರು ಅಂತ್ಯದಿನದಲ್ಲಿ ಶಿಕ್ಷೆಗೊಳಗಾಗುವರು, ನೀವು ರಚಿಸಿದ್ದಕ್ಕೆ ಜೀವ ಕೊಡಿ ಎಂದು ಅವರೊಡನೆ ಹೇಳಲಾಗುವುದು, ರೂಪಗಳಿರುವ ಮನೆಯನ್ನು ಮಲಕ್‌ಗಳು ಪ್ರವೇಶಿಸುವುದಿಲ್ಲ ಎಂದು ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ.

ಓದುಗ ಬಾಂಧವರೇ, ಈ ಘಟನೆಯನ್ನು ಇನ್ನೊಮ್ಮೆ ಓದಿ. ಇಲ್ಲಿ ಪೂಜೆಯ ಮಾತೇ ಇಲ್ಲ. ಪ್ರೀತಿಯ ಪತ್ನಿ ಪ್ರೀತಿಯಿಂದ, ಹಣ ಕೊಟ್ಟು, ಪತಿಯ ಸುಖಕ್ಕಾಗಿ ತಂದ ವಸ್ತು ಅದು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೂ ಪ್ರವಾದಿವರ್ಯರು(ಸ) ಬಾಗಿಲಲ್ಲೇ ನಿಂತರು. ಹಾಗೆಂದು ಗದರಲಿಲ್ಲ, ಅವಮಾನಿಸಲಿಲ್ಲ, ಕಾರಣವನ್ನು ತಿಳಿಸಿಕೊಟ್ಟರು. ಹೊರದೇಶದಿಂದ ಆಸೆಪಟ್ಟು ಪ್ರತಿಮೆ ತಂದ ಮಗನಿಗೂ, ಅವನ ಮನಸ್ಸು ನೋಯಬಾರದೆಂದು ಟವೆಲ್ ಹೊದಿಸುವ ತಾಯಿಗೂ, ಉಪದೇಶ ಮಾಡಲು ಹೋಗುವ ನನ್ನಂಥವರಿಗೂ ಇದರಲ್ಲಿ ಪಾಠವಿದೆ.

ಇನ್ನೊಂದು ಘಟನೆ ಅಬೂಹುರೈರಾರಿಂದ(ರ) ವರದಿಯಾಗಿ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಹಿಂದಿನ ರಾತ್ರಿ ಬಂದಿದ್ದೆ, ಆದರೆ ಒಳಬರಲಾಗಲಿಲ್ಲ ಎಂದು ಜಿಬ್ರೀಲ್(ಅ) ಪ್ರವಾದಿವರ್ಯರಿಗೆ(ಸ) ತಿಳಿಸಿದರು. ಬಾಗಿಲ ಬಳಿ ಆಕೃತಿ, ಮನೆಯಲ್ಲಿ ಚಿತ್ರಗಳಿದ್ದ ಪರದೆ, ಜೊತೆಗೊಂದು ನಾಯಿ ಇದ್ದುದೇ ಕಾರಣ. ಆಕೃತಿಯ ತಲೆಯನ್ನು ತೆಗೆಸಿರಿ, ಆಗ ಅದು ಮರದಂತಾಗುವುದು; ಪರದೆಯನ್ನು ಕತ್ತರಿಸಿ ತುಳಿಯುವ ದಿಂಬುಗಳನ್ನಾಗಿ ಮಾಡಿಸಿರಿ; ನಾಯಿಯನ್ನು ಹೊರಗೆ ಕಳುಹಿಸಿರಿ ಎಂದು ಅವರು ಸೂಚಿಸಿದರು. ಹಾಗೆಯೇ ಮಾಡಲಾಯಿತು.

ಇಲ್ಲಿ ಹೇಳಿರುವುದು ಕರುಣೆಯನ್ನು, ಬರ್ಕತ್ತನ್ನು ಹೊತ್ತು ತರುವ ಮಲಕ್‌ಗಳ ಕುರಿತು. ಕರ್ಮಗಳನ್ನು ಬರೆಯುವ ಮಲಕ್‌ಗಳು ಮನುಷ್ಯನನ್ನು ಬಿಟ್ಟಿರುವುದಿಲ್ಲ ಎಂದು ವಿದ್ವಾಂಸರು ವಿವರಿಸಿದ್ದಾರೆ. ಅಂದರೆ ನಮ್ಮ ತಪ್ಪು ದಾಖಲಾಗುತ್ತಲೇ ಇರುತ್ತದೆ, ಕರುಣೆ ಮಾತ್ರ ಹೊಸ್ತಿಲಲ್ಲೇ ನಿಂತಿರುತ್ತದೆ. ಎಂತಹ ನಷ್ಟದ ವ್ಯಾಪಾರ!

‘ಪೂಜಿಸುವುದಿಲ್ಲವಲ್ಲ?’

ನೂಹ್‌ರ(ಅ) ಜನತೆಯ ಐದು ಆರಾಧ್ಯರ ಹೆಸರುಗಳನ್ನು ಕುರ್‌ಆನ್ (71:23) ಹೇಳುತ್ತದೆ: ವದ್ದ್, ಸುವಾಅ್, ಯಗೂಸ್, ಯಊಕ್ ಮತ್ತು ನಸ್ರ್. ಇವರು ಯಾರು? ಆ ಜನಾಂಗದ ಸಜ್ಜನರೇ ಎಂದು ಇಬ್ನು ಅಬ್ಬಾಸ್(ರ) ವಿವರಿಸಿದ್ದು ಬುಖಾರಿಯಲ್ಲಿದೆ. ಅವರು ತೀರಿಕೊಂಡಾಗ, ಅವರು ಕುಳಿತುಕೊಳ್ಳುತ್ತಿದ್ದ ಸ್ಥಳಗಳಲ್ಲಿ ಅವರ ಹೆಸರಿನಲ್ಲಿ ಆಕೃತಿಗಳನ್ನು ನಿಲ್ಲಿಸುವಂತೆ ಶೈತಾನನು ಪ್ರೇರೇಪಿಸಿದನು. ನಿಲ್ಲಿಸಿದವರು ಪೂಜಿಸಲಿಲ್ಲ. ಆ ಪೀಳಿಗೆ ಅಳಿದು, ತಿಳಿವಳಿಕೆ ಮರೆಯಾದ ಮೇಲೆ ಅವುಗಳ ಆರಾಧನೆ ಆರಂಭವಾಯಿತು.

ಮೊದಲ ಪೀಳಿಗೆಯದು ನೆನಪು, ಮುಂದಿನದು ಗೌರವ, ಅದರ ಮುಂದಿನದು ಆರಾಧನೆ. ತಂದೆ ಚೆಂದಕ್ಕೆಂದು ಇಟ್ಟದ್ದನ್ನು ಮಗ ಏನೆಂದು ತಿಳಿಯುತ್ತಾನೆ, ಮೊಮ್ಮಗ ಏನು ಮಾಡುತ್ತಾನೆ ಎಂದು ಯಾರು ಬಲ್ಲರು? ನೀವು ಅಂಟಿಕೊಂಡಿರುವ ಈ ಆಕೃತಿಗಳೇನು ಎಂದು ಇಬ್ರಾಹೀಮ್(ಅ) ತಮ್ಮ ತಂದೆಯನ್ನೂ ಜನರನ್ನೂ ಪ್ರಶ್ನಿಸಿದಾಗ ಅವರಲ್ಲಿದ್ದ ಉತ್ತರ, ನಮ್ಮ ಹಿರಿಯರು ಹೀಗೆ ಮಾಡುತ್ತಿದ್ದುದನ್ನು ಕಂಡಿದ್ದೇವೆ ಎಂಬುದೊಂದೇ (21:52-53). ರೋಗ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಶರೀಅತ್‌ನ ಕ್ರಮ. ತೌಹೀದ್‌ನ ವಿಷಯದಲ್ಲಂತೂ ಅದು ಬೇಲಿಯನ್ನು ಹೊಲದಂಚಿನಲ್ಲಿ ಹಾಕಲಿಲ್ಲ, ಬಹಳ ದೂರದಲ್ಲೇ ಹಾಕಿತು.

ಆ ಪ್ರತಿಮೆಗಳು ಯಾರವು?

ಪ್ರತಿಕೃತಿಯನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಅದು ಯಾರದೆಂದು ವಿಚಾರಿಸುವುದಿಲ್ಲ. ವಿಚಾರಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಮ್ಮ ಹುಡುಗ ತಂದ ಡೇವಿಡ್ ಯಾರು? ಅಲ್ಲಾಹನ ಪ್ರವಾದಿ ದಾವೂದ್(ಅ)! ಇಟಲಿಯ ಶಿಲ್ಪಿ ಮೈಕೆಲೇಂಜಲೋ 1501ರಿಂದ 1504ರ ನಡುವೆ, ಒಂದೇ ಅಮೃತಶಿಲೆಯಲ್ಲಿ, ಐದು ಮೀಟರಿಗೂ ಎತ್ತರವಾಗಿ ಕೆತ್ತಿದ ಶಿಲ್ಪವದು. ಫ್ಲಾರೆನ್ಸ್ ನಗರದ ಆಡಳಿತ ಭವನದ ಮುಂದೆ ನಿಂತಿದ್ದ ಅದನ್ನು 1873ರಲ್ಲಿ ಸಂಗ್ರಹಾಲಯಕ್ಕೆ ಸಾಗಿಸಲಾಯಿತು. 1910ರಿಂದ ಹಳೆಯ ಜಾಗದಲ್ಲಿ ನಿಂತಿರುವುದೂ ನಕಲೇ. ಜಾಲೂತ್‌ನನ್ನು ಎದುರಿಸಲು ಹೊರಟ ದಾವೂದ್‌ರನ್ನು(ಅ) ಹೆಗಲ ಮೇಲೊಂದು ಕವಣೆ ಬಿಟ್ಟರೆ ಬೇರೇನೂ ಇಲ್ಲದೆ, ವಿವಸ್ತ್ರರಾಗಿ ಅಲ್ಲಿ ತೋರಿಸಲಾಗಿದೆ. ಕುರ್‌ಆನ್ ನಮಗೆ ಪರಿಚಯಿಸುವ ದಾವೂದ್(ಅ) ಯಾರು? ಝಬೂರ್ ಪಡೆದವರು, ಪರ್ವತಗಳೂ ಪಕ್ಷಿಗಳೂ ಯಾರ ಕೀರ್ತನೆಗೆ ದನಿಗೂಡಿಸುತ್ತಿದ್ದುವೋ ಅವರು. ಅಲ್ಲಾಹನು ಅವರಿಗಾಗಿ ಕಬ್ಬಿಣವನ್ನು ಮೆದುಗೊಳಿಸಿದನು, ಜನರ ಮೈಯನ್ನು ರಕ್ಷಿಸುವ ಕವಚ ಮಾಡುವ ವಿದ್ಯೆಯನ್ನು ಕಲಿಸಿದನು (34:10-11, 21:80). ಮನುಷ್ಯರಿಗೆ ಕವಚ ತೊಡಿಸಿದ ಪ್ರವಾದಿಯನ್ನು ನಾವು ನಮ್ಮ ಹೆಣ್ಣುಮಕ್ಕಳು ಓಡಾಡುವ ಹಾಲ್‌ನಲ್ಲಿ ಬೆತ್ತಲೆ ನಿಲ್ಲಿಸುವುದೇ? ಅವರ ಹೆಸರು ಕೇಳಿದರೆ ಅಲೈಹಿಸ್ಸಲಾಮ್ ಎನ್ನುವ ನಾಲಗೆ ನಮ್ಮದು.

ಅದೇ ಶಿಲ್ಪಿ ಕೆತ್ತಿದ ಮೂಸಾರ(ಅ) ಪ್ರತಿಮೆ ರೋಮ್‌ನ ಒಂದು ಚರ್ಚಿನಲ್ಲಿದೆ. ಅದರ ತಲೆಯಲ್ಲಿ ಎರಡು ಕೊಂಬುಗಳಿವೆ! ಅವರ ಮುಖದಿಂದ ಬೆಳಕು ಹೊಮ್ಮುತ್ತಿತ್ತೆಂಬ ಅರ್ಥದ ಹೀಬ್ರೂ ಪದವನ್ನು ಹಳೆಯ ಲ್ಯಾಟಿನ್ ಅನುವಾದದಲ್ಲಿ ಕೊಂಬು ಎಂದು ಬರೆದದ್ದು ಇದಕ್ಕೆ ಕಾರಣ. ಒಂದು ಪದದ ತಪ್ಪು ಕಲ್ಲಿಗಿಳಿದು ಐನೂರು ವರ್ಷ ಉಳಿಯಿತು. ಪ್ರವಾದಿಗಳ ರೂಪವನ್ನು ಕಲ್ಪಿಸಲು ಹೊರಟರೆ ಆಗುವುದು ಹೀಗೆಯೇ. ಮಕ್ಕಾ ವಿಜಯದ ದಿನ ಕಅಬಾದೊಳಗೆ ಇಬ್ರಾಹೀಮ್(ಅ) ಮತ್ತು ಇಸ್ಮಾಈಲ್‌ರನ್ನು(ಅ) ಶಕುನದ ಬಾಣ ಹಿಡಿದವರಂತೆ ತೋರಿಸುವ ಆಕೃತಿಗಳಿದ್ದುವು. ಅವುಗಳನ್ನು ಹೊರತೆಗೆಯುವ ತನಕ ಪ್ರವಾದಿವರ್ಯರು(ಸ) ಒಳಗೆ ಹೋಗಲಿಲ್ಲ. ಆ ಇಬ್ಬರು ಎಂದೂ ಬಾಣಗಳಿಂದ ಶಕುನ ನೋಡಿದವರಲ್ಲ ಎಂದು ಸ್ಪಷ್ಟಪಡಿಸಿದರು (ಬುಖಾರಿ).

ಕಚೇರಿಯ ಮೇಜಿನ ಮೇಲೆ ಗಲ್ಲಕ್ಕೆ ಕೈಯಿಟ್ಟು ಕುಳಿತ ‘ಚಿಂತಕ’ನನ್ನು ಎಲ್ಲರೂ ಕಂಡಿರುತ್ತೀರಿ. ಫ್ರಾನ್ಸಿನ ಶಿಲ್ಪಿ ರೊಡಾನ್ 1880ರಲ್ಲಿ ರೂಪಿಸಲು ಆರಂಭಿಸಿದ ‘ನರಕದ ದ್ವಾರ’ ಎಂಬ ದೊಡ್ಡ ಬಾಗಿಲಿನ ನೆತ್ತಿಯಲ್ಲಿ ಕೂರಿಸಲು ಕಲ್ಪಿಸಿದ ಆಕೃತಿ ಅದು. ಬಿಡಿಯಾಗಿ ಪ್ರಸಿದ್ಧವಾದದ್ದು ಅನಂತರ. ನರಕದ ನೆನಪಾಗಲು ನಮಗೆ ಪ್ರತಿಮೆ ಬೇಕೇ? ನಮಾಝಿನಲ್ಲಿ ಓದುವ ಸೂರಾಗಳು ಸಾಲವೇ?

ಇನ್ನು ಬುದ್ಧನ ತಲೆ, ನಟರಾಜ, ಗೊಮ್ಮಟನ ಕಿರುಪ್ರತಿಮೆಗಳು. ಇವು ನಮ್ಮ ನೆರೆಯ ಸೋದರರಿಗೆ ಆರಾಧ್ಯ, ಪೂಜ್ಯ. ಅವುಗಳನ್ನು ತಂದು ಟಿ.ವಿ.ಯ ಪಕ್ಕದಲ್ಲೋ ಚಪ್ಪಲಿ ಸ್ಟ್ಯಾಂಡಿನ ಮೇಲೋ ಇಡುವುದು ತೌಹೀದ್‌ಗೂ ತಕ್ಕದ್ದಲ್ಲ, ನೆರೆಹೊರೆಯ ಸೌಜನ್ಯಕ್ಕೂ ತಕ್ಕದ್ದಲ್ಲ.

ಕೆಲವು ಪ್ರಶ್ನೆಗಳು

ಸುಲೈಮಾನ್‌ರಿಗಾಗಿ(ಅ) ಆಕೃತಿಗಳನ್ನು ನಿರ್ಮಿಸಲಾಗುತ್ತಿತ್ತೆಂದು ಕುರ್‌ಆನ್‌ನಲ್ಲೇ (34:13) ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅಲ್ಲಿನ ಪದ ನಿರ್ಜೀವ ವಸ್ತುಗಳ ಆಕೃತಿಗೂ ಸಲ್ಲುತ್ತದೆ ಎಂದು ಕೆಲವು ವಿದ್ವಾಂಸರು, ಅಂದಿನ ಶರೀಅತ್‌ನಲ್ಲಿ ಅನುಮತಿಯಿದ್ದು ನಮ್ಮ ಶರೀಅತ್‌ನಲ್ಲಿ ಅದು ಬದಲಾಯಿತು ಎಂದು ಇತರರು ಹೇಳಿದ್ದಾರೆ. ಎರಡರಲ್ಲಿ ಯಾವುದಾದರೂ ಸರಿ, ನಾವು ಅನುಸರಿಸಬೇಕಾದುದು ಅಂತಿಮ ಪ್ರವಾದಿಯ(ಸ) ಶಿಕ್ಷಣವನ್ನು.

ಸ್ಪೇನಿನ ಗ್ರನಾಡದಲ್ಲಿ ಮುಸ್ಲಿಮ್ ಅರಸರ ಅಲ್ ಹಂಬ್ರಾ ಅರಮನೆಯಿದೆ; ಅದರ ಅಂಗಳದ ಕಾರಂಜಿಯನ್ನು ಹನ್ನೆರಡು ಕಲ್ಲಿನ ಸಿಂಹಗಳು ಹೊತ್ತಿವೆಯಲ್ಲ? ಹೌದು, ಹೊತ್ತಿವೆ. ಆದರೆ ಅರಸರ ಅರಮನೆ ನಮಗೆ ಇತಿಹಾಸವೇ ಹೊರತು ಪುರಾವೆಯಲ್ಲ.

ಮಕ್ಕಳ ಬೊಂಬೆಗಳು? ಇದರಲ್ಲಿ ರಿಯಾಯಿತಿ ಇದೆ. ಬಾಲ್ಯದಲ್ಲಿ ಆಯಿಶಾ(ರ) ಬೊಂಬೆಗಳೊಡನೆ ಆಡುತ್ತಿದ್ದರು. ಅವರ ಆಟಿಕೆಗಳ ನಡುವೆ ಬಟ್ಟೆಯ ಎರಡು ರೆಕ್ಕೆಗಳಿದ್ದ ಕುದುರೆಯನ್ನು ಕಂಡು, ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿವರ್ಯರು(ಸ) ಕೇಳಿದಾಗ, ಸುಲೈಮಾನ್‌ರ(ಅ) ಕುದುರೆಗಳಿಗೆ ರೆಕ್ಕೆಗಳಿದ್ದುದನ್ನು ತಾವು ಕೇಳಿಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದರು. ಪ್ರವಾದಿವರ್ಯರು(ಸ) ಮನತುಂಬಿ ನಕ್ಕರು (ಅಬೂದಾವೂದ್). ಮಗುವಿನ ಕೈಯಲ್ಲಿ ಉರುಳಾಡಿ ಮುರಿಯುವ ಆಟಿಕೆಯೇ ಬೇರೆ, ಗಾಜಿನ ಕಪಾಟಿನಲ್ಲಿ ದೀಪದ ಕೆಳಗೆ ಮೆರೆಯುವ ಪ್ರತಿಮೆಯೇ ಬೇರೆ. ನೆರಳು ಬೀಳುವ, ಅಂದರೆ ಮೈದುಂಬಿದ ಜೀವಿಗಳ ಆಕೃತಿಗಳು ಸಲ್ಲವೆಂಬ ವಿಷಯದಲ್ಲಿ ವಿದ್ವಾಂಸರ ಒಮ್ಮತವನ್ನು ಉಲ್ಲೇಖಿಸುವಾಗಲೂ ಬಾಲಕಿಯರ ಬೊಂಬೆಗಳನ್ನು ಅದರಿಂದ ಹೊರಗಿಟ್ಟು ಹೇಳಲಾಗಿದೆ. ಕರಾವಳಿಯ ಶಾಫಿಈಗಳೂ ಘಟ್ಟದ ಮೇಲಿನ ಹನಫೀಗಳೂ ಪ್ರತಿಮೆಯ ವಿಷಯದಲ್ಲಿ ಒಂದೇ ದನಿ. ಫೋಟೋ, ಸಪಾಟು ಚಿತ್ರಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದು ಬೇರೊಂದು ಪಾಠ.

ತಲೆ, ಎದೆಯವರೆಗಿನ ಅರ್ಧಪ್ರತಿಮೆಗಳು? ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಕೈಗಳಿಲ್ಲದ ವೀನಸ್ಸಿನ ನಕಲು? ಎಷ್ಟು ಭಾಗ ಇಲ್ಲವಾದರೆ ಆಕೃತಿಯ ವಿಧಿ ನೀಗುತ್ತದೆಂಬ ವಿವರಗಳಲ್ಲಿ ವಿದ್ವಾಂಸರ ಮಾತುಗಳು ಬೇರೆ ಬೇರೆ ಇವೆ. ಆದರೆ ಜಿಬ್ರೀಲ್(ಅ) ತೆಗೆಸಲು ಹೇಳಿದ್ದು ತಲೆಯನ್ನು. ತಲೆ ಉಳಿದಿರುವ ಪ್ರತಿಮೆಯಿಂದ ದೂರವಿರುವುದೇ ಲೇಸು. ವೀನಸ್ ಅಂತೂ ಪ್ರಾಚೀನ ಜನರ ದೇವತೆ.

ಈಗಾಗಲೇ ಇರುವುದನ್ನು ಏನು ಮಾಡುವುದು?

ಆಕೃತಿ ನಿಮ್ಮ ಸ್ವಂತದ್ದಾದರೆ ತಲೆಯನ್ನು ಬೇರ್ಪಡಿಸಿ ಅಥವಾ ಸದ್ದಿಲ್ಲದೆ ವಿಲೇವಾರಿ ಮಾಡಿ. ಮಾರಿ ಹಣ ಮಾಡಲು ಹೋಗಬೇಡಿ. ವಿಗ್ರಹಗಳ ಮಾರಾಟವನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ (ಬುಖಾರಿ). ಇನ್ನೊಬ್ಬರು ಪೂಜ್ಯವೆಂದು ತಿಳಿಯುವ ರೂಪವಾಗಿದ್ದರೆ ಅವರ ಕಣ್ಣೆದುರು ಒಡೆಯುವುದಾಗಲಿ, ಕಸದ ತೊಟ್ಟಿಯಲ್ಲಿ ಕಾಣುವಂತೆ ಎಸೆಯುವುದಾಗಲಿ ಸಲ್ಲದು. ಅಲ್ಲಾಹನ ಹೊರತು ಅವರು ಪ್ರಾರ್ಥಿಸುವವುಗಳನ್ನು ನಿಂದಿಸಬೇಡಿರಿ ಎಂಬುದು ಕುರ್‌ಆನ್‌ನ (6:108) ಸ್ಪಷ್ಟ ಆದೇಶ. ಇಲ್ಲಿ ಹೇಳಿದ್ದೆಲ್ಲವೂ ನಮ್ಮ ಮನೆಯ ಹೊಸ್ತಿಲೊಳಗಿನ ಮಾತು. ನೆರೆಮನೆಯ ಶೋಕೇಸು, ಊರ ಗುಡಿ, ವೃತ್ತದ ಪ್ರತಿಮೆ, ಸಂಗ್ರಹಾಲಯದ ಶಿಲ್ಪ ಯಾವುದೂ ನಮ್ಮ ಕೈಗೆ ಸೇರಿದ್ದಲ್ಲ. ಹೊಸ್ತಿಲು ದಾಟಿ ಕೈಚಾಚುವವನು ಧರ್ಮವನ್ನು ಪಾಲಿಸುತ್ತಿಲ್ಲ, ಧರ್ಮಕ್ಕೆ ಕೆಟ್ಟ ಹೆಸರು ತರುತ್ತಿದ್ದಾನೆ.

ಶಾಲೆ, ಕಚೇರಿ, ಸಂಘಗಳಲ್ಲಿ ಸ್ಮರಣಿಕೆಯಾಗಿ ಇಂಥವು ಬರುವುದುಂಟು. ಕೊಡುವವರು ಪ್ರೀತಿಯಿಂದ ಕೊಡುತ್ತಾರೆ. ವೇದಿಕೆಯ ಮೇಲೆ ಮುಖ ಸಿಂಡರಿಸುವುದು ಪ್ರವಾದಿ ಚರ್ಯೆಯಲ್ಲ. ವಿನಯದಿಂದ ಕೃತಜ್ಞತೆ ಸಲ್ಲಿಸಿ. ಆದರೆ ಅದನ್ನು ಹಾಲ್‌ನಲ್ಲಿ ನಿಲ್ಲಿಸಬೇಡಿ. ಸಮಿತಿಯಲ್ಲಿ ನೀವೂ ಇದ್ದರೆ ಮೊದಲೇ ಒಂದು ಸಲಹೆ ಕೊಡಿ: ಗೋಲಗುಮ್ಮಟದ ಮಾದರಿಯೋ ಬಿದರಿ ತಟ್ಟೆಯೋ ಆಗಬಹುದಲ್ಲ ಎಂದು.

ಬಾಗಿಲು ಮುಚ್ಚಿಲ್ಲ

ಆಕೃತಿ ರಚನೆಯೇ ತನ್ನ ಜೀವನೋಪಾಯ ಎಂದ ಒಬ್ಬನಿಗೆ ಇಬ್ನು ಅಬ್ಬಾಸ್(ರ) ಪ್ರವಾದಿ ವಚನವನ್ನು ಕೇಳಿಸಿದರು. ಆತನ ಮುಖ ಬಿಳಿಚಿಕೊಂಡಿತು. ಆಗ ಅವರು ಅವನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ರಚಿಸು ಎಂದರು (ಬುಖಾರಿ, ಮುಸ್ಲಿಮ್). ಒಂದು ಬಾಗಿಲು ಮುಚ್ಚಿ ಎಷ್ಟು ದೊಡ್ಡ ಬಯಲನ್ನು ತೆರೆದಿಟ್ಟರು ನೋಡಿ! ಬಳ್ಳಿ, ಹೂ, ನಕ್ಷತ್ರ, ರೇಖೆಗಳ ವಿನ್ಯಾಸ, ಅಕ್ಷರಗಳ ಬೆಡಗು ಎಲ್ಲವೂ ಆ ಬಯಲಿನಲ್ಲಿ ಬೆಳೆದವು.

ಅದನ್ನು ಕಾಣಲು ಫ್ಲಾರೆನ್ಸಿಗೆ ಹೋಗಬೇಕಿಲ್ಲ, ವಿಜಯಪುರಕ್ಕೆ ಹೋದರೆ ಸಾಕು. ಇಬ್ರಾಹೀಮ್ ರೋಜಾದ ಕಿಟಕಿಗಳಲ್ಲಿ ಕಲ್ಲನ್ನೇ ಕೊರೆದು ಅರಬೀ ಅಕ್ಷರಗಳನ್ನು ಜಾಲಂಧ್ರವಾಗಿಸಿದ್ದಾರೆ. ಬೆಳಕು ಅಕ್ಷರಗಳ ನಡುವಿನಿಂದ ಒಳಗಿಳಿಯುತ್ತದೆ. ಬೀದರ್‌ಗೆ ಹೋಗಿ: ಸತು ಮತ್ತು ತಾಮ್ರದ ಎರಕದ ಮೇಲೆ ಸಣ್ಣ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿಯ ಎಳೆ ಬಡಿದು ಕೂರಿಸಿ, ಹಳೆಯ ಕೋಟೆಯ ಮಣ್ಣು ಸೇರಿಸಿದ ದ್ರಾವಣದಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಅಂಥದೊಂದು ಹೂದಾನಿ ಕೊಂಡರೆ ಮನೆಗೂ ಅಂದ, ನಮ್ಮ ನಾಡಿನ ಕಸುಬುದಾರನ ಒಲೆಗೂ ಬೆಂಕಿ. ಚೌಕಟ್ಟು ಹಾಕಿದ ಸುಂದರ ಕೈಬರಹ, ನಾಲ್ಕು ಗಿಡದ ಕುಂಡಗಳು, ಓದುವ ಪುಸ್ತಕಗಳ ಕಪಾಟು ಇವೂ ಅಲಂಕಾರವೇ. ಆದರೆ ಇವುಗಳಲ್ಲೂ ಮಿತಿಯಿರಲಿ. ಕಲ್ಲಿಗೂ ಮಣ್ಣಿಗೂ ಬಟ್ಟೆ ಉಡಿಸಲು ಅಲ್ಲಾಹನು ನಮಗೆ ಆಜ್ಞಾಪಿಸಿಲ್ಲ ಎಂದು ಪ್ರವಾದಿವರ್ಯರು(ಸ) ಹೇಳಿದ್ದು ಆಯಿಶಾರ(ರ) ಮನೆಯ ಪರದೆಯೊಂದರ ಕುರಿತೇ (ಮುಸ್ಲಿಮ್). ಗೋಡೆ ಶೃಂಗಾರಗೊಂಡು ನೆರೆಯವನು ಹಸಿದಿರುವ ಮನೆಗೆ ಅಂದ ಎಲ್ಲಿಂದ ಬರಬೇಕು?

ಸಹೋದರ ಸಹೋದರಿಯರೇ, ಮನೆಗೆ ಬರುವ ಅತಿಥಿಗಳು ಏನೆಂದುಕೊಳ್ಳುವರೆಂದು ನಾವು ನೂರು ಬಾರಿ ಯೋಚಿಸುತ್ತೇವೆ. ಕಾಣದ ಅತಿಥಿಗಳೂ ಇದ್ದಾರೆ. ಅವರು ಒಳಬರಬೇಕೋ ಬಾಗಿಲಲ್ಲೇ ನಿಲ್ಲಬೇಕೋ ಎಂಬುದು ನಮ್ಮ ಕೈಯಲ್ಲಿದೆ.

ಕೆಲವು ತಿಂಗಳ ನಂತರ ಅದೇ ದಾರಿಯಾಗಿ ಹೋಗುವಾಗ ಆ ಮನೆಯವರು ಚಹಾಕ್ಕೆ ಕರೆದರು. ಹಾಲ್‌ನ ಮೂಲೆಯ ಸ್ಟ್ಯಾಂಡ್ ಖಾಲಿಯಾಗಿತ್ತು. ಹುಡುಗ ಅದರ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಅಸರ್‌ನ ಹೊತ್ತು. ತಾಯಿ ಮುಸಲ್ಲಾ ಹಾಸಿ ನಮಾಝಿಗೆ ನಿಂತರು. ಟವೆಲ್ ಅದರ ಜಾಗದಲ್ಲಿ, ಬಚ್ಚಲಮನೆಯ ಮೊಳೆಯಲ್ಲಿ ತೂಗುತ್ತಿತ್ತು.

ಅಲ್ಲಾಹನು ನಮ್ಮ ಮನೆಗಳನ್ನು ತನ್ನ ಸ್ಮರಣೆಯಿಂದ ಬೆಳಗಿಸಲಿ, ಕರುಣೆಯ ಮಲಕ್‌ಗಳು ಇಳಿಯುವ ತಾಣಗಳನ್ನಾಗಿ ಮಾಡಲಿ. ಆಮೀನ್.